ಹಳೆಯ ಗಾಡಿಯ ಲೆಕ್ಕದ ಪುಸ್ತಕ

ಮಾರುವವನಿಗಿಂತ ಕೊಳ್ಳುವವನು ಹೆಚ್ಚು ಬಲ್ಲವನಾಗಿದ್ದರೆ, ತಾನು ಬಲ್ಲುದನ್ನು ಅವನು ಬಾಯಿ ಬಿಟ್ಟು ಹೇಳಬೇಕೆ? ವ್ಯಾಪಾರವನ್ನೇ ವೃತ್ತಿಯಾಗಿ ನಡೆಸಿಕೊಂಡು ಬಂದ ಮನೆತನಗಳಲ್ಲಿ ಈ ಪ್ರಶ್ನೆ ಎಂದಾದರೊಂದು ದಿನ ಏಳದೆ ಇರುವುದಿಲ್ಲ. ಮಾರುವವನು ಸರಕಿನ ದೋಷವನ್ನು ಮುಚ್ಚಿಡಬಾರದೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಕೊಳ್ಳುವವನು ಸರಕಿನ ಗುಣವನ್ನು ಮುಚ್ಚಿಡಬಹುದೆ ಎಂದು ಕೇಳಿದರೆ ಮಾತ್ರ ಅಂಗಡಿಯ ಜಗಲಿಯ ಮೇಲೆ ಕುಳಿತವರೆಲ್ಲ ನಕ್ಕುಬಿಡುತ್ತಾರೆ. ಇಂತಹ ನಗೆಗೀಡಾಗುವ ಪ್ರಶ್ನೆಯೊಂದು ಹಾಸನದ ಕಡೆಯ ಗೃಹಸ್ಥರೊಬ್ಬರಿಗೆ, ದೂರದ ಅಮೆರಿಕದ ಇಂಡಿಯಾನಾ ಸಂಸ್ಥಾನದಲ್ಲಿ, ಹಳೆಯ ಪಿಕಪ್ ಟ್ರಕ್ಕೊಂದರ ರೂಪದಲ್ಲಿ ಎದುರಾಯಿತು.

ಈ ಗೃಹಸ್ಥರು ಇಂಡಿಯಾನಾದ ಕೊಲಂಬಸ್ ಪಟ್ಟಣದಲ್ಲಿ ನೆಲೆಸಿ ಆಗಲೇ ಇಪ್ಪತ್ತೆಂಟು ವರ್ಷಗಳಾಗಿದ್ದವು. ಎಂಜಿನುಗಳ ಹೊಗೆಯನ್ನು ಅಳೆಯುವ ಪ್ರಯೋಗಾಲಯವೊಂದರಲ್ಲಿ ಅವರಿಗೆ ಉದ್ಯೋಗ. ಕೊಲಂಬಸ್ ಚಿಕ್ಕ ಊರಾದರೂ ಡೀಸೆಲ್ ಎಂಜಿನಿನ ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಹೆಸರು. ಕ್ಲೆಸ್ಸಿ ಕಮಿನ್ಸ್ ಎಂಬ ಮೆಕ್ಯಾನಿಕ್, ತಾನು ಕಾರು ನಡೆಸುತ್ತಿದ್ದ ಬ್ಯಾಂಕಿನ ಧಣಿ ಇರ್ವಿನ್ನರ ಹಣದ ನೆರವಿನಿಂದ 1919ರಲ್ಲಿ ಇಲ್ಲಿಯೇ ಎಂಜಿನಿನ ಕಾರ್ಖಾನೆಯನ್ನು ತೆರೆದನು. 1931ರ ಇಂಡಿಯಾನಾಪೊಲಿಸ್ ಪಂದ್ಯದಲ್ಲಿ ಅವನ ಡೀಸೆಲ್ ಕಾರು ಐನೂರು ಮೈಲಿಗಳನ್ನು ಒಮ್ಮೆಯೂ ನಿಲ್ಲದೆ ಓಡಿತು. ಗೆದ್ದುದಲ್ಲ, ಹದಿಮೂರನೆಯದಾಗಿ ಬಂದಿತು. ಆದರೂ ಎಣ್ಣೆಗಾಗಿ ನಿಲ್ಲದ ಕಾರನ್ನು ಜನ ಮರೆಯಲಿಲ್ಲ.

ನಿವೃತ್ತಿಯ ದಿನಗಳು ಹತ್ತಿರವಾದಾಗ ಗೃಹಸ್ಥರು ಪಟ್ಟಣದ ಪಶ್ಚಿಮಕ್ಕೆ, ಬ್ರೌನ್ ಕೌಂಟಿಯ ಗುಡ್ಡಗಳ ಅಂಚಿನಲ್ಲಿ ಎಂಟು ಎಕರೆ ಜಮೀನನ್ನು ಕೊಂಡರು. ಸೇಬಿನ ಗಿಡಗಳನ್ನು ಬೆಳೆಸಬೇಕು, ಮರದ ಕೊಟ್ಟಿಗೆಯೊಂದನ್ನು ಕಟ್ಟಬೇಕು ಎಂಬುದು ಆಸೆ. ಮರದ ಹಲಗೆಗಳನ್ನು ತರಲು, ಸಣ್ಣ ಟ್ರ್ಯಾಕ್ಟರನ್ನು ಟ್ರೈಲರಿನ ಮೇಲೆ ಹೇರಿ ಎಳೆಯಲು ಭಾರಿ ಪಿಕಪ್ಪೇ ಬೇಕಾಯಿತು. ಡೀಸೆಲ್ ಎಂಜಿನಿನ ಹೊಸ ಗಾಡಿಗೆ ಐವತ್ತು ಸಾವಿರ ಡಾಲರಿಗೆ ಮೇಲ್ಪಟ್ಟ ಬೆಲೆ. ಹಳೆಯದೇ ಸರಿ ಎಂದು ನಿಶ್ಚಯಿಸಿದರು.

ಹಳೆಯದರಲ್ಲಿಯೂ ಯಾವುದೆಂಬುದನ್ನು ಅವರು ಬಲ್ಲರು. 1989ರ ಮಾದರಿಯಿಂದ ಡಾಜ್ ಟ್ರಕ್ಕುಗಳಿಗೆ ಕಮಿನ್ಸ್ ಕಂಪನಿಯ ಆರು ಸಿಲಿಂಡರುಗಳ 5.9 ಲೀಟರಿನ ಡೀಸೆಲ್ ಎಂಜಿನನ್ನು ಕೂರಿಸತೊಡಗಿದ್ದರು. ಅದು ಮೂಲತಃ ಕಾರಿಗೆಂದು ಹುಟ್ಟಿದ್ದಲ್ಲ; ಹೊಲದ ಯಂತ್ರಗಳಿಗೂ ಲಾರಿಗಳಿಗೂ ಹುಟ್ಟಿದ್ದು. 1994ರಿಂದ 1998ರವರೆಗಿನ ಹನ್ನೆರಡು ವಾಲ್ವಿನ ಗಾಡಿಗಳಲ್ಲಿ ಎಣ್ಣೆಯನ್ನು ಸಿಲಿಂಡರುಗಳಿಗೆ ತಳ್ಳುವ ಬಾಷ್ ಪಂಪು ಪೂರ್ತಿ ಯಾಂತ್ರಿಕವಾದುದು. ಗಣಕದ ಹಂಗಿಲ್ಲ. ಆರು ಸಿಲಿಂಡರಿಗೆ ಆರು ಪ್ಲಂಜರುಗಳು, ಸಾಲಾಗಿ ನಿಂತ ಒನಕೆಗಳಂತೆ, ಒಂದಾದ ಮೇಲೊಂದು ಏರಿಳಿಯುತ್ತವೆ. ಇದೇ ಕುಲದ ಎಂಜಿನುಗಳನ್ನು 1993ರಲ್ಲಿ ಸ್ಥಾಪನೆಯಾದ ಟಾಟಾ ಕಮಿನ್ಸ್ ಸಂಸ್ಥೆಯು ಜಮಶೆಡ್‌ಪುರದಲ್ಲಿ ತಯಾರಿಸಿ ಟಾಟಾ ಲಾರಿಗಳಿಗೆ ಕೊಟ್ಟಿತು. ಹೊರೆ ಹೊತ್ತು ಶಿರಾಡಿ ಘಾಟಿಯನ್ನು ಹತ್ತುವ ಲಾರಿಯ ಹಿಂದೆ ಸಿಕ್ಕಿಕೊಂಡ ವಾಚಕರು ಆ ದನಿಯನ್ನು ಕೇಳಿಯೇ ಇರುತ್ತಾರೆ. ಅಮೆರಿಕದಲ್ಲಿ ಈ ಐದು ವರ್ಷಗಳ ಗಾಡಿಗಳನ್ನು ಬಲ್ಲವರು ಹುಡುಕಿಕೊಂಡು ಹೋಗುತ್ತಾರೆ. ಮೈ ತುಕ್ಕು ಹಿಡಿದಿದ್ದರೂ ಎಂಜಿನಿಗಾಗಿ ಬೆಲೆ.

2019ರ ಏಪ್ರಿಲಿನಲ್ಲಿ, ಜೋಳದ ಹೊಲಗಳ ನಡುವಿನ ಒಂದು ಹಳ್ಳಿಯಲ್ಲಿ, ರೈತನೊಬ್ಬನ ವಿಧವೆಯ ಮನೆಯ ಮುಂದೆ ಅಂತಹ ಗಾಡಿಯೊಂದು ನಿಂತಿತ್ತು. 1997ರದು, ಕೈಯಿಂದ ಗೇರು ಹಾಕುವಂಥದು, ನಾಲ್ಕು ಚಕ್ರಗಳಿಗೂ ಶಕ್ತಿ, 1,87,000 ಮೈಲಿ ಓಡಿದ್ದು. ಗಾಜಿಗೆ ಅಂಟಿಸಿದ ಕಾಗದದಲ್ಲಿ 3,500 ಡಾಲರು ಎಂದು ಬರೆದಿತ್ತು. ಹತ್ತು ಸಾವಿರಕ್ಕೆ ಕಡಮೆಯಿಲ್ಲದೆ ಹೋಗತಕ್ಕ ಗಾಡಿ ಎಂಬುದು ಗೃಹಸ್ಥರಿಗೆ ಮೊದಲ ನೋಟದಲ್ಲಿಯೇ ತಿಳಿಯಿತು.

ಮುದುಕಿ ಡ್ಯಾಷ್‌ಬೋರ್ಡಿನ ಖಾನೆಯಿಂದ ಒಂದು ನೋಟುಪುಸ್ತಕವನ್ನು ತೆಗೆದು ಕೊಟ್ಟಳು. ಇಪ್ಪತ್ತೆರಡು ವರ್ಷ ಆಕೆಯ ಗಂಡ ಬರೆದಿಟ್ಟ ಲೆಕ್ಕ. ಎಂದು ಎಣ್ಣೆ ಬದಲಿಸಿದ್ದು, ಯಾವ ಮೈಲಿಗೆ ಕ್ಲಚ್ ಹಾಕಿಸಿದ್ದು, ಯಾವ ಚಳಿಗಾಲದಲ್ಲಿ ಬ್ಯಾಟರಿ ಸತ್ತಿದ್ದು. ಒಂದು ಕಡೆ, ‘ಗೇಟಿಗೆ ತಾಗಿಸಿದೆ; ತಪ್ಪು ನನ್ನದು’ ಎಂದೂ ಇತ್ತು. ಹತ್ತು ವರ್ಷ ದಾಟಿದ ಅಂಥ ಗಾಡಿಯನ್ನು ಮಾರುವಾಗ ಓಡಿದ ಮೈಲಿಯನ್ನು ಪ್ರಮಾಣಿಸಿ ಹೇಳಬೇಕೆಂದು ಅಲ್ಲಿನ ಕಾನೂನು ಕೇಳುತ್ತಿರಲಿಲ್ಲ. ಕಾನೂನು ಕೇಳದ ಲೆಕ್ಕವನ್ನು ಆ ರೈತನು ತಾನಾಗಿ ಇಟ್ಟಿದ್ದನು.

“ಬೆಲೆಯನ್ನು ನನ್ನ ಮಗ ಹೇಳಿದ. ಸರಿಯಾಗಿದೆಯೆ? ಈ ಗಾಡಿಯಲ್ಲಿ ಏನಾದರೂ ವಿಶೇಷವಿದೆಯೆ?” ಎಂದು ಮುದುಕಿ ಕೇಳಿದಳು.

ಗೃಹಸ್ಥರು ಬಗ್ಗಿ ಗಾಡಿಯ ಅಡಿಯನ್ನು ನೋಡುತ್ತ, “ತುಕ್ಕು ಬಹಳ ಹಿಡಿದಿದೆ. ನಾಳೆ ಬಂದು ಹೇಳುತ್ತೇನೆ” ಎಂದರು. ಹೇಳಿದ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಅಮೆರಿಕದ ಕಾನೂನು ಅವರ ಪಕ್ಷಕ್ಕಿತ್ತು ಎಂಬುದನ್ನು ಇಲ್ಲಿ ಹೇಳಬೇಕು. 1815ರ ಫೆಬ್ರವರಿಯಲ್ಲಿ ನ್ಯೂ ಆರ್ಲಿಯನ್ಸಿನ ಆರ್ಗನ್ ಎಂಬ ವರ್ತಕನಿಗೆ ಬ್ರಿಟನ್ನಿನೊಡನೆ ಸಂಧಿಯಾದ ಸುದ್ದಿ ಊರಿಗಿಂತ ಮೊದಲು ತಿಳಿಯಿತು. ಬಂದರಿನ ದಿಗ್ಬಂಧನ ಕಳೆದರೆ ಹೊಗೆಸೊಪ್ಪಿನ ಬೆಲೆ ಏರುವುದು ಖಚಿತ. ಅವನು ಬೆಳಗ್ಗೆಯೇ ಹೋಗಿ ಲೇಡ್ಲಾ ಎಂಬ ವ್ಯಾಪಾರಿ ಸಂಸ್ಥೆಯಿಂದ 111 ಪೀಪಾಯಿ ಹೊಗೆಸೊಪ್ಪನ್ನು ಕೊಂಡನು. ಬೆಲೆಯನ್ನು ಏರಿಸುವಂಥ ಸುದ್ದಿ ಏನಾದರೂ ಇದೆಯೆ ಎಂದು ಮಾರುವವರು ಕೇಳಿದಾಗ ಸುಮ್ಮನಿದ್ದನು. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಕೊಳ್ಳುವವನಿಗೆ ತನ್ನ ತಿಳಿವನ್ನು ಹೇಳುವ ಕಟ್ಟುಪಾಡಿಲ್ಲ, ಆದರೆ ಮಾತಿನಿಂದಾಗಲಿ ನಡೆಯಿಂದಾಗಲಿ ಎದುರಿನವನನ್ನು ವಂಚಿಸುವಂತಿಲ್ಲ ಎಂದು ಮುಖ್ಯ ನ್ಯಾಯಾಧೀಶ ಮಾರ್ಷಲ್ಲರು 1817ರಲ್ಲಿ ಬರೆದರು. ಕೇಳಿದಾಗ ಸುಮ್ಮನಿರುವುದು ವಂಚನೆಯ ನಡೆಯೋ ಅಲ್ಲವೋ ಎಂಬುದನ್ನು ವಿಚಾರಿಸಲು ಮೊಕದ್ದಮೆಯನ್ನು ಕೆಳಗಿನ ನ್ಯಾಯಾಲಯಕ್ಕೆ ಮರಳಿಸಿದರು. ನ್ಯಾಯಾಧೀಶರೇ ಕೈಬಿಟ್ಟ ಆ ಕಡೆಯ ಎಳೆಯಲ್ಲಿಯೇ ಗೃಹಸ್ಥರು ಆ ರಾತ್ರಿ ಸಿಕ್ಕಿಬಿದ್ದಿದ್ದರು.

ಅವರ ತಂದೆಯವರದು ಧಾನ್ಯದ ಮಂಡಿ. ತಕ್ಕಡಿಯ ವಿಷಯದಲ್ಲಿ ಅವರು ಕೂದಲೆಳೆಯಷ್ಟೂ ಆಚೀಚೆ ಆದವರಲ್ಲ. ಹೀನಾಧಿಕ ಮಾನೋನ್ಮಾನವನ್ನು ಹಿರಿಯರು ಅಚೌರ್ಯದ ಅತಿಚಾರಗಳಲ್ಲಿ ಎಣಿಸಿದ್ದಾರೆಂಬುದನ್ನು ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಅಂಥವರೇ ಒಮ್ಮೆ, ಬಡ ಒಕ್ಕಲಿಗನೊಬ್ಬ ಹಳೆಯ ರಾಜಮುಡಿ ಭತ್ತವನ್ನು ಏನೆಂದು ತಿಳಿಯದೆ ಸಾಧಾರಣ ಭತ್ತದ ದರಕ್ಕೆ ತಂದು ಹಾಕಿದಾಗ ಮಾತನಾಡದೆ ತೂಗಿಸಿಕೊಂಡರು. ತೂಕ ಸರಿಯಾಗಿಯೇ ಇತ್ತು. ಸಂಗತಿ ಆ ಒಕ್ಕಲಿಗನಿಗೆ ಆಮೇಲೆ ತಿಳಿಯಿತು. ಅವನು ಜಗಳಕ್ಕೆ ಬರಲಿಲ್ಲ, ಮಂಡಿಗೂ ಬರಲಿಲ್ಲ. ಸಂತೆಯಲ್ಲಿ ಕಂಡಾಗಲೆಲ್ಲ ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದನು. ತಂದೆಯವರು ಆ ನಮಸ್ಕಾರಕ್ಕೆ ಹೆದರಿ ಸಂತೆಯ ದಾರಿಯನ್ನೇ ಬದಲಿಸಿದ್ದುದನ್ನು ಮಗ ಬಾಲ್ಯದಲ್ಲಿ ನೋಡಿದ್ದರು.

“ಆಕೆ ಕೇಳಿದಳೋ, ಕೇಳಲಿಲ್ಲವೋ?” ಎಂದು ಅವರ ಪತ್ನಿ ವಿಚಾರಿಸಿದರು.

“ಕೇಳಿದಳು.”

“ಮತ್ತೆ ನೀವು ತುಕ್ಕಿನ ಮಾತನ್ನೇಕೆ ಆಡಿದಿರಿ?”

ಅವರಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದ್ದಕ್ಕಿಂತ ಕೆಟ್ಟ ಇನ್ನೊಂದು ಯೋಚನೆಯೂ ಅವರ ಮನಸ್ಸಿನಲ್ಲಿ ಸುಳಿದಿತ್ತು. ಈ ಜಾತಿಯ ಎಂಜಿನಿನ ಮುಂಭಾಗದಲ್ಲಿ, ಗೇರುಗಳ ಪೆಟ್ಟಿಗೆಯನ್ನು ನೆಲೆಗೊಳಿಸುವ ಕಿರುಬೆರಳಿನ ತುದಿಯಷ್ಟು ದೊಡ್ಡ ಉಕ್ಕಿನ ಗೂಟವೊಂದಿದೆ. ವರ್ಷಗಳ ನಡುಕದಿಂದ ಅದು ಸಡಿಲವಾಗಿ ತಿರುಗುವ ಗೇರುಗಳೊಳಗೆ ಬಿದ್ದರೆ ಎಂಜಿನೇ ಹಾಳು. ಮೆಕ್ಯಾನಿಕರೆಲ್ಲ ಬಲ್ಲ ಸಂಗತಿ, ಮುದುಕಿಗೆ ತಿಳಿಯದು. ಈ ಗೂಟದ ಕಥೆಯನ್ನು ಹೇಳಿ ಮೂರೂವರೆ ಸಾವಿರವನ್ನು ಮೂರಕ್ಕೆ ಇಳಿಸಬಹುದಲ್ಲ ಎಂಬುದು ಆ ಯೋಚನೆ. ದೋಷವನ್ನು ಪ್ರಾಮಾಣಿಕವಾಗಿ ಹೇಳಿ ಗುಣವನ್ನು ಮೌನದಲ್ಲಿಡುವುದು! ಅರ್ಧ ಸತ್ಯವು ಸುಳ್ಳಿಗಿಂತ ಎಷ್ಟು ಸಭ್ಯವಾಗಿ ಉಡುಪು ತೊಡಬಲ್ಲದು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಮರುದಿನ ಅವರು ಹೋಗಿ ಎರಡನ್ನೂ ಹೇಳಿದರು. ಎಂಜಿನ್ ಏನು, ಪಂಪು ಏನು, ಮಾರುಕಟ್ಟೆಯ ದರ ಏನು, ಗೂಟದ ಭಯ ಏನು. ಮುದುಕಿ ಬಹಳ ಹೊತ್ತು ಮಾತನಾಡಲಿಲ್ಲ. ಮಗನನ್ನು ಕೇಳುತ್ತೇನೆಂದಳು. ಸಂಜೆ ಆ ಮಗನ ದೂರವಾಣಿ ಬಂತು. ಅವನ ದನಿಯಲ್ಲಿ ಕೃತಜ್ಞತೆಯ ಸುಳಿವೂ ಇರಲಿಲ್ಲ. ತಾನಾಗಿಯೇ ಮೂರು ಪಟ್ಟು ಬೆಲೆ ಹೇಳುವ ಗಿರಾಕಿ ಆರು ಪಟ್ಟಿನದೇನನ್ನೋ ಬಚ್ಚಿಟ್ಟಿರಬೇಕೆಂದು ಅವನ ತರ್ಕ. ಹತ್ತು ದಿನ ಅವನು ಬೇರೆಯವರಿಗೆ ಗಾಡಿಯನ್ನು ತೋರಿಸಿದನು. ಸತ್ಯ ಹೇಳಿದವನಿಗೆ ಕೂಡಲೇ ಮನ್ನಣೆ ದೊರೆಯುವುದು ಕಥೆಗಳಲ್ಲಿ ಮಾತ್ರ. ಕೊನೆಗೆ ಮುದುಕಿಯೇ ಕರೆದು, “ನೀವು ಹೇಳದಿದ್ದರೆ ಮೂರೂವರೆಗೇ ಕೊಡುತ್ತಿದ್ದೆ. ಹೇಳಿದವರಿಂದ ಹತ್ತು ಕೇಳಲು ನನಗೆ ಮನಸ್ಸಿಲ್ಲ” ಎಂದು ಏಳೂವರೆ ಸಾವಿರಕ್ಕೆ ಕೊಟ್ಟಳು. ನೋಟುಪುಸ್ತಕವನ್ನೂ ಕೊಟ್ಟಳು.

ಆ ಬೇಸಿಗೆಯೆಲ್ಲ ದುರಸ್ತಿಯಲ್ಲಿ ಕಳೆಯಿತು. ಎಂಜಿನಿನ ಮುಂಭಾಗವನ್ನು ಬಿಚ್ಚಿ ನೋಡಿದರೆ ಗೂಟ ಇದ್ದಲ್ಲಿಯೇ ಭದ್ರವಾಗಿತ್ತು. ಅದರ ಬಾಯಿಗೆ ಅಡ್ಡಲಾಗಿ ಸಣ್ಣ ಲೋಹದ ಪಟ್ಟಿಯೊಂದನ್ನು ಬೋಲ್ಟಿನಿಂದ ಬಿಗಿದು ಮುಚ್ಚಿದರು. ಕೆಲವೇ ಡಾಲರಿನ ಕೆಲಸ. ಇಲ್ಲದ ಭಯವನ್ನು ತೋರಿಸಿ ಐನೂರು ಡಾಲರನ್ನು ಇಳಿಸಲು ಹೊರಟಿದ್ದೆನಲ್ಲ ಎಂದು ಅವರಿಗೆ ಅನಿಸಿರಬೇಕು. ಭಯವಿಲ್ಲದ ಕಡೆ ಮಾತ್ರ ಹಣ ಹೋಯಿತು. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನಿಂದ ಬ್ರೇಕಿನ ಉಕ್ಕಿನ ನಳಿಗೆಗಳೆಲ್ಲ ತುಕ್ಕು ತಿಂದಿದ್ದವು. ಸ್ಟೀರಿಂಗಿನ ಕೀಲುಗಳು ಸವೆದಿದ್ದವು. ಹೊಸ ನಳಿಗೆ, ಹೊಸ ಕೀಲು, ಹೊಸ ಟೈರು ಎಂದು ಮೂರು ಸಾವಿರ ಮುಗಿಯಿತು.

ಹಿಂದಿನ ಪಟ್ಟಿ ಸ್ಪ್ರಿಂಗುಗಳ ಜೊತೆಗೆ ಗಾಳಿಚೀಲಗಳನ್ನೂ ಕೂರಿಸಿದರು. ಭಾರ ಹೇರಿದಾಗ ಗಾಡಿ ಹಿಂದಕ್ಕೆ ಕುಗ್ಗದೆ ಸಮನಾಗಿ ನಿಲ್ಲುತ್ತದೆ. ನೋಡುವವರ ಕಣ್ಣಿಗೆ ಇನ್ನೂ ಒಂದು ಟನ್ ಹೊರಬಲ್ಲುದೆಂದು ತೋರುತ್ತದೆ. ಆದರೆ ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿ ಗಾಡಿಯೂ ಹೊರೆಯೂ ಸೇರಿ 8,800 ಪೌಂಡು, ಎಂದರೆ ನಾಲ್ಕು ಸಾವಿರ ಕಿಲೋಗ್ರಾಮಿಗೆ ತುಸು ಕಡಮೆ, ಮೀರಬಾರದೆಂದು ಬರೆದಿದೆ. ಚೀಲ ಉಬ್ಬಿದರೆ ಅಚ್ಚು ಬಲವಾಗುವುದಿಲ್ಲ, ಬ್ರೇಕೂ ಬಲವಾಗುವುದಿಲ್ಲ. ಎತ್ತಿಗೆ ಹೇರುವ ಅತಿಭಾರವು ಎತ್ತನ್ನು ನೋಯಿಸುತ್ತದೆ. ಯಂತ್ರಕ್ಕೆ ಹೇರುವ ಅತಿಭಾರವು ಎದುರಿನಿಂದ ಬರುವ ಅಪರಿಚಿತನನ್ನು. ಈ ವಿಷಯದಲ್ಲಿ ಅವರು ಮೊದಲಿನಿಂದಲೂ ಎಚ್ಚರವಾಗಿದ್ದರು.

ಎಡವಿದ್ದು ಬೇರೆ ಕಡೆ.

ಆ ಬಾಷ್ ಪಂಪಿನ ಒಳಗೆ ಒಂದು ತಗಡು ಇದೆ. ಎಂಜಿನಿಗೆ ಹೆಚ್ಚೆಂದರೆ ಎಷ್ಟು ಎಣ್ಣೆ ಹೋಗಬೇಕೆಂಬುದನ್ನು ಅದರ ಅಂಚು ತಡೆದು ನಿಲ್ಲಿಸುತ್ತದೆ. ಅದರ ಜೊತೆಗೊಂದು ಸ್ಪ್ರಿಂಗಿನ ಏರ್ಪಾಡು. ಟರ್ಬೊ ಗಾಳಿಯನ್ನು ತುಂಬಿದ ಮೇಲಷ್ಟೇ ಎಣ್ಣೆಯನ್ನು ಹೆಚ್ಚಿಸಲು ಬಿಡುವಂಥದು. ಗಾಳಿ ಬಂದಷ್ಟೇ ಎಣ್ಣೆ ಎಂಬುದು ಡೀಸೆಲ್ ಎಂಜಿನಿನ ಸಂಯಮ. ಎರಡು ಬೋಲ್ಟುಗಳನ್ನು ಸಡಿಲಿಸಿ ತಗಡನ್ನು ತುಸು ಮುಂದಕ್ಕೆ ಸರಿಸಿದರೆ, ಆ ಸ್ಪ್ರಿಂಗನ್ನು ಸ್ವಲ್ಪ ತಿರುಗಿಸಿದರೆ, 215 ಅಶ್ವಶಕ್ತಿಯ ಎಂಜಿನ್ ಕಾಸು ಖರ್ಚಿಲ್ಲದೆ ಎಷ್ಟೋ ಹೆಚ್ಚು ಬಲವನ್ನು ಕೊಡುತ್ತದೆ. ಗಾಳಿ ಸಾಲದೆ ಉರಿಯದುಳಿದ ಎಣ್ಣೆ ಕರಿ ಹೊಗೆಯಾಗಿ ಹೊರಬರುತ್ತದೆ. ಇದನ್ನೇ ಆಟವಾಗಿ ಮಾಡಿ, ದಾರಿಹೋಕರ ಮೇಲೆ ಬೇಕೆಂದೇ ಹೊಗೆ ಕಾರುವ ಯುವಕರೂ ಆ ದೇಶದಲ್ಲಿದ್ದಾರೆ.

ಪ್ರಯೋಗಾಲಯದ ಕಿರಿಯ ಸಹೋದ್ಯೋಗಿಯೊಬ್ಬನು ಒಂದು ಭಾನುವಾರ ಬಂದು ಅರ್ಧ ಗಂಟೆಯಲ್ಲಿ ತಗಡನ್ನು ಸರಿಸಿಕೊಟ್ಟನು. “ಸ್ವಲ್ಪವೇ. ಗುಡ್ಡ ಹತ್ತಲು ಬೇಕಲ್ಲ” ಎಂದನು. ಹೊಗೆಯ ತಪಾಸಣೆ ಇಂಡಿಯಾನಾದಲ್ಲಿ ಉತ್ತರದ ಲೇಕ್ ಮತ್ತು ಪೋರ್ಟರ್ ಕೌಂಟಿಗಳಲ್ಲಿ ಮಾತ್ರ, ಇಲ್ಲಿ ಕೇಳುವವರಿಲ್ಲ. ವಿಚಿತ್ರವೆಂದರೆ, ಹೊಗೆಯನ್ನು ಅಳೆಯುವುದೇ ಈ ಇಬ್ಬರ ಅನ್ನದ ದಾರಿ. ಭಾರಿ ಡೀಸೆಲ್ ಎಂಜಿನ್ ಒಂದು ಅಶ್ವಶಕ್ತಿಯನ್ನು ಒಂದು ಗಂಟೆ ದುಡಿಸಿದಾಗ ಹೊರಬಿಡಬಹುದಾದ ಮಸಿ ಅಮೆರಿಕದ ನಿಯಮದಂತೆ 1988ರಲ್ಲಿ 0.60 ಗ್ರಾಂ ಇದ್ದುದು 1991ರಲ್ಲಿ 0.25, 1994ರಲ್ಲಿ 0.10, 2007ರಲ್ಲಿ 0.01 ಗ್ರಾಂ ಆಯಿತು. ಆ ದಶಮಾಂಶಗಳನ್ನು ಒಂದೊಂದಾಗಿ ಇಳಿಸುವುದರಲ್ಲಿ ಎಷ್ಟೋ ಜನ ಎಂಜಿನಿಯರುಗಳ ಯೌವನ ಸವೆದಿದೆ, ಈ ಗೃಹಸ್ಥರದೂ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ನಿರ್ಣಯಿಸಿದಾಗ ಆ ವರದಿಯನ್ನು ಕಚೇರಿಯ ಗೋಡೆಗೆ ಅಂಟಿಸಿದವರೂ ಅವರೇ. ವಾರದ ಐದು ದಿನ ಗ್ರಾಮಿನ ನೂರರ ಒಂದು ಭಾಗಕ್ಕಾಗಿ ಹೋರಾಡಿದ ಕೈಗಳು ಭಾನುವಾರ ಎರಡು ಬೋಲ್ಟುಗಳನ್ನು ಸಡಿಲಿಸಿದವು. ಮುದುಕಿಯ ಮುಂದೆ ಗೆದ್ದ ಮನಸ್ಸು ತನ್ನದೇ ಗೆಲುವಿನ ನೆರಳಿನಲ್ಲಿ ತೂಕಡಿಸಿತ್ತೇನೋ.

ಅಕ್ಟೋಬರಿನ ಒಂದು ಬೆಳಗ್ಗೆ ಅವರು ಕೊಟ್ಟಿಗೆಗೆ ಹಲಗೆಗಳನ್ನು ತರಲು ದಕ್ಷಿಣದ ಆರೆಂಜ್ ಕೌಂಟಿಗೆ ಹೊರಟರು. ಅಲ್ಲಿ ಆಮಿಷ್ ಪಂಥದವರ ವಸತಿಗಳಿವೆ. ಅವರು ಮೋಟಾರು ವಾಹನಗಳನ್ನು ಇಟ್ಟುಕೊಳ್ಳುವವರಲ್ಲ, ಕುದುರೆಬಂಡಿಯಲ್ಲಿ ಓಡಾಡುತ್ತಾರೆ. ಮರಳುವಾಗ, ಹಲಗೆ ಹೇರಿದ ಟ್ರೈಲರನ್ನು ಎಳೆಯುತ್ತ ಏರಿನಲ್ಲಿ ಬರುತ್ತಿದ್ದಂತೆ ಮುಂದೆ ತೆರೆದ ಬಂಡಿಯೊಂದು ನಿಧಾನವಾಗಿ ಹತ್ತುತ್ತಿತ್ತು. ದಾರಿ ತೆರವಾದಾಗ ಅವರು ಎಡಕ್ಕೆ ಎಳೆದು, ಪೆಡಲನ್ನು ಒತ್ತಿ ದಾಟಿದರು. ಗಾಡಿ ಅಷ್ಟು ಹೊರೆಯೊಡನೆಯೂ ನೆಗೆದಂತೆ ಸಾಗಿತು. ಒಂದು ಕ್ಷಣ ಅವರಿಗೆ ಸಂತೋಷವೇ ಆಯಿತು. ಆಮೇಲೆ ಕನ್ನಡಿಯಲ್ಲಿ ನೋಡಿದರೆ ಬಂಡಿ ಕಾಣಿಸಲಿಲ್ಲ. ಇದ್ದಲ್ಲಿ ಕಪ್ಪು ಮೋಡವೊಂದಿತ್ತು. ಮೋಡ ಚದುರಿದಾಗ ಕುದುರೆ ಕತ್ತನ್ನು ಅತ್ತಿತ್ತ ಒದರುತ್ತಿತ್ತು. ಗಂಡಸು ಲಗಾಮನ್ನು ಎರಡೂ ಕೈಗಳಿಂದ ಬಿಗಿಹಿಡಿದಿದ್ದನು. ಪಕ್ಕದ ಪುಟ್ಟ ಹುಡುಗಿ ತಲೆವಸ್ತ್ರದ ತುದಿಯಿಂದ ಮೂಗುಬಾಯಿಗಳನ್ನು ಮುಚ್ಚಿಕೊಂಡಿತ್ತು.

ಏರಿನ ತುದಿಯಲ್ಲಿ ಅವರು ಗಾಡಿಯನ್ನು ಬದಿಗೆ ನಿಲ್ಲಿಸಿ ಇಳಿದು ಕಾದರು. ಬಂಡಿ ಬಂದಿತು. ಹುಡುಗಿ ಇನ್ನೂ ಕೆಮ್ಮುತ್ತಿತ್ತು. ತಪ್ಪಾಯಿತೆಂದು ಇವರು ಹೇಳಿದರು. ಆ ಮನುಷ್ಯ ಬೈಯಲಿಲ್ಲ. “ಕುದುರೆಗೆ ವಯಸ್ಸಾಗಿದೆ, ಟ್ರಕ್ಕುಗಳು ಅಭ್ಯಾಸವಾಗಿವೆ” ಎಂದನು. ಹುಡುಗಿಯ ಮಾತನ್ನು ಎತ್ತಲಿಲ್ಲ. ಬಂಡಿ ಮುಂದೆ ಸರಿದ ಮೇಲೆ ತಿರುಗಿ ನೋಡಿ, ಒಂದು ಕೈಯೆತ್ತಿ ವಂದಿಸಿದನು. ಆ ಎತ್ತಿದ ಕೈಯನ್ನು ಗೃಹಸ್ಥರು ಹಿಂದೊಮ್ಮೆ ಹಾಸನದ ಕಡೆಯ ಸಂತೆಯಲ್ಲಿ ನೋಡಿದ್ದರು.

ಒಂದು ವರ್ಷ ಕಳೆದು 2020ರ ನವೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವರದಿಯೊಂದು ಹೊರಬಿದ್ದಿತು. ಹಿಂದಿನ ಒಂದು ದಶಕದಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳಿಂದ ಹೊಗೆಯನ್ನು ಶುದ್ಧಗೊಳಿಸುವ ಉಪಕರಣಗಳನ್ನು ಕಳಚಿಹಾಕಲಾಗಿದೆ, ಅದರಿಂದ ಗಾಳಿಗಾದ ಕೇಡು ತೊಂಬತ್ತು ಲಕ್ಷ ಹೊಸ ಪಿಕಪ್ಪುಗಳನ್ನು ರಸ್ತೆಗೆ ಬಿಟ್ಟಷ್ಟು ಎಂದು ಅದರ ಅಂದಾಜು. ಮತ್ತೆ ಮೂರು ವರ್ಷಗಳಿಗೆ ಕೊಲಂಬಸ್ಸಿನ ಆ ದೊಡ್ಡ ಕಂಪನಿಯೇ, ಹೊಸ ಪಿಕಪ್ಪುಗಳ ಎಂಜಿನಿನ ಹೊಗೆಯ ನಿಯಂತ್ರಣವನ್ನು ತಂತ್ರಾಂಶದಿಂದ ಮರೆಮಾಚಿತೆಂಬ ಆರೋಪದ ಮೇಲೆ, ತಪ್ಪನ್ನು ಒಪ್ಪಿಕೊಳ್ಳದೆ, 167.5 ಕೋಟಿ ಡಾಲರ್ ದಂಡ ತೆರಲು ಸಮ್ಮತಿಸಿತು. ಊರಿನಲ್ಲಿ ಎಲ್ಲರೂ ಅದನ್ನೇ ಮಾತನಾಡಿಕೊಂಡರು. ಗೃಹಸ್ಥರು ಆ ಮಾತುಗಳಲ್ಲಿ ಸೇರಲಿಲ್ಲ.

ಆರೆಂಜ್ ಕೌಂಟಿಯಿಂದ ಮರಳಿದ ಆ ರಾತ್ರಿಯೇ ಅವರು ಹಲಗೆಗಳನ್ನು ಇಳಿಸುವುದಕ್ಕೂ ಮೊದಲು ಬಾನೆಟ್ಟನ್ನು ಎತ್ತಿ, ದೀಪವನ್ನು ತೂಗುಹಾಕಿ, ತಗಡನ್ನು ಹಿಂದಿನ ಗುರುತಿಗೆ ಸರಿಸಿ ಬೋಲ್ಟುಗಳನ್ನು ಬಿಗಿದಿದ್ದರು. ಸ್ಪ್ರಿಂಗನ್ನು ಕಾರ್ಖಾನೆಯ ಅಳತೆಗೆ ತಂದಿದ್ದರು. ಕೈ ತೊಳೆದುಕೊಂಡು ಬಂದು ಆ ರೈತನ ನೋಟುಪುಸ್ತಕವನ್ನು ತೆರೆದರು. ಬೇಸಿಗೆಯ ಕೆಲಸಗಳನ್ನೆಲ್ಲ ಅವರು ಅದರಲ್ಲಿಯೇ ಅವನ ಸಾಲುಗಳ ಕೆಳಗೆ ಬರೆದಿಟ್ಟಿದ್ದರು: ಗೂಟ, ನಳಿಗೆ, ಕೀಲು, ಟೈರು. ಭಾನುವಾರದ ಕೆಲಸವೊಂದನ್ನು ಬರೆದಿರಲಿಲ್ಲ.

“ಹಿಂದಕ್ಕೆ ಸರಿಸಿಯಾಯಿತಲ್ಲ, ಈಗೇಕೆ ಬರೆಯುತ್ತೀರಿ? ನಾಳೆ ಮಾರುವಾಗ ಕೊಳ್ಳುವವರು ನೋಡಿ ಬೆಲೆ ಇಳಿಸುತ್ತಾರೆ” ಎಂದು ಪತ್ನಿ ಹೇಳಿದರು. ಅದು ನಿಜವೇ ಆಗಿತ್ತು. ಒಮ್ಮೆ ಪಂಪಿಗೆ ಕೈ ಹಾಕಿದ ಗಾಡಿಯೆಂದರೆ ಬಲ್ಲವರು ಹಿಂಜರಿಯುತ್ತಾರೆ.

ಅವರು ಲೇಖನಿಯನ್ನು ಹಿಡಿದು ಸ್ವಲ್ಪ ಹೊತ್ತು ಕುಳಿತಿದ್ದರು. ಆಮೇಲೆ ತಗಡನ್ನು ಮುಂದಕ್ಕೆ ಸರಿಸಿದ ದಿನಾಂಕವನ್ನೂ ಮೈಲಿಯನ್ನೂ ಬರೆದು, ಅದರ ಕೆಳಗೆ ಹಿಂದಕ್ಕೆ ಸರಿಸಿದ ದಿನಾಂಕವನ್ನೂ ಮೈಲಿಯನ್ನೂ ಬರೆದರು. ನಡುವೆ 640 ಮೈಲಿಗಳ ಅಂತರವಿತ್ತು. ಆ ಎರಡು ಸಾಲುಗಳ ಮುಂದೆ, ಗೇಟಿಗೆ ತಾಗಿಸಿದ ದಿನ ರೈತನು ಬರೆದಿದ್ದ ಮಾತನ್ನೇ ಅವನ ಮಾತಿನಲ್ಲಿಯೇ ಬರೆದು ಪುಸ್ತಕವನ್ನು ಖಾನೆಯಲ್ಲಿಟ್ಟರು.